ಮೂವತ್ತೇಳು ಸಲ ಗುಂಡಿಗೆ ಬಿದ್ದವಳು

ಹೊಲಿಗೆ ಅಂಗಡಿಯ ಮೆಟ್ಟಿಲು ಒಟ್ಟು ಹದಿಮೂರು. ಇಪ್ಪತ್ತಾರು ವರ್ಷ ಹತ್ತಿ ಇಳಿದ ಕಾಜಕ್ಕನಿಗೆ ಆ ಹದಿಮೂರೂ ಕಾಲಿಗೆ ಬಾಯಿಪಾಠ. ಆದರೂ ಒಂದು ಮಧ್ಯಾಹ್ನ ತೋಳಿನ ತುಂಬ ಕೋಟುಗಳನ್ನು ಹೊತ್ತು ಇಳಿಯುವಾಗ, ಹನ್ನೆರಡನೆಯದನ್ನೇ ಕೊನೆಯದೆಂದುಕೊಂಡು ಕಾಲು ಮುಂದಿಟ್ಟಳು. ಬೀಳುತ್ತಿದ್ದೇನೆಂದು ತಿಳಿದ ಆ ಅರೆಗಳಿಗೆಯಲ್ಲಿ ಎಡಗೈಯಿಂದ ಕೋಟುಗಳನ್ನು ಎತ್ತಿ ಹಿಡಿದಳು, ಬಲಗೈಯನ್ನು ನೆಲಕ್ಕೆ ಕೊಟ್ಟಳು. ಕೋಟಿಗೆ ಧೂಳು ಸೋಕಲಿಲ್ಲ. ಮಣಿಕಟ್ಟು ಮುರಿಯಿತು.

ಅವಳ ಕೆಲಸವೇ ಅವಳ ಹೆಸರಾಗಿತ್ತು. ಗುಂಡಿ ತೂರುವ ಸೀಳಿನ ಸುತ್ತ ದಾರದ ಅಂಚು ಕಟ್ಟುವುದಕ್ಕೆ ಕಾಜ ಎನ್ನುತ್ತಾರೆ. ಅಂಗಿಗಾದರೆ ಯಂತ್ರವೇ ಕಟ್ಟಿ ಬಿಸಾಕುತ್ತದೆ; ಒಳ್ಳೆಯ ಕೋಟಿಗೆ ಕೈ ಬೇಕು. ಒಂದು ಕಾಜಕ್ಕೆ ಅರವತ್ತು ಗಂಟು, ಒಂದರ ಮಗ್ಗುಲಿಗೆ ಒಂದು, ಸಾಲು ಹಿಡಿದ ಇರುವೆಗಳ ಹಾಗೆ. ಆ ಅರವತ್ತನ್ನೂ ಸೂಜಿ ಹಿಡಿದ ಬಲಗೈ ಹೆಬ್ಬೆರಳು ಎಳೆದು ಕೂರಿಸಬೇಕು. ಕಾಜಕ್ಕ ಓದು ಬರಹ ಬಲ್ಲವಳು. ಆದರೆ ಯಾರಾದರೂ ಕೇಳಿದರೆ, "ನಾನು ಬದುಕಿರೋದೇ ಹೆಬ್ಬೆಟ್ಟಿನ ಮೇಲೆ" ಎನ್ನುತ್ತಿದ್ದಳು. ಆಸ್ಪತ್ರೆಯ ಚೀಟಿಗೆ ಹೆಸರು ಕೇಳಿದಾಗ, ಜೊತೆಗೆ ಹೋಗಿದ್ದ ಅಂಗಡಿಯ ಕಟಿಂಗ್ ಮಾಸ್ಟ್ರು ತಡವರಿಸಿದರು. ಇಷ್ಟು ವರ್ಷವಾದರೂ ಅವರಿಗೆ ಆ ಹೆಸರು ಬೇಕಾಗಿಯೇ ಇರಲಿಲ್ಲ.

ಆರು ವಾರ ಕಳೆದು ಪಟ್ಟಿ ಬಿಚ್ಚಿದಾಗ ಒಳಗಿನಿಂದ ಬಂದ ಕೈ ಬೇರೆ ಯಾರದೋ ಇದ್ದಂತಿತ್ತು. ಮೂಳೆ ಕೂಡಿತ್ತು, ಹೆಬ್ಬೆರಳು ಮಾತ್ರ ಮುನಿಸಿಕೊಂಡ ನೆಂಟನ ಹಾಗೆ ಒಂದು ಬದಿಗೆ ನಿಂತಿತ್ತು. ಬಾ ಎಂದರೆ ಬರದು. ತೋರುಬೆರಳಿನ ಮಗ್ಗುಲು ಮುಟ್ಟುವಷ್ಟರಲ್ಲಿ ಕಣ್ಣಲ್ಲಿ ನೀರು.

ಮಾಸ್ಟ್ರು ಅವಳ ತಮ್ಮನ ಮನೆಗೆ ಬಂದರು. ಕಾಜಕ್ಕ ಇರುವುದು ಅಲ್ಲೇ. ಕುರ್ಚಿಯ ತುದಿಯಲ್ಲಿ ಕೂತು, ತಮ್ಮ ಬೆರಳುಗಳನ್ನು ತಾವೇ ಎಣಿಸುತ್ತ ಮಾತಾಡಿದರು.

"ಬ್ಯಾಂಡಿನವರ ಕೋಟು ಬಂದಿದೆ ಕಣಮ್ಮ. ಇಪ್ಪತ್ತೆರಡು. ಈ ತಿಂಗಳ ಕೊನೇವರೆಗೂ ಕಟಿಂಗು, ಹೊಲಿಗೆ ಎಲ್ಲ ನಡೀತಿರುತ್ತೆ. ಆಮೇಲೆ ಕಾಜ."

"ಹೂಂ."

"ಕೈ ಬರುತ್ತೆ ಅಂದ್ರೆ ಕಾಯ್ತೀನಿ. ಬರಲ್ಲ ಅಂದ್ರೆ ಈಗಲೇ ಹೇಳು, ಬೇಜಾರಿಲ್ಲ. ಕೋಟಿನ ಕಾಜಕ್ಕೂ ಮೆಷಿನ್ ಬಂದಿದೆಯಂತೆ. ಒಂದು ಸಲ ಅದನ್ನ ತಂದು ಕೂರಿಸಿದೆ ಅಂದ್ರೆ..."

ಅಂಗಡಿಯಲ್ಲಿ ಯಂತ್ರ ಇಡಲು ಇರುವುದು ಒಂದೇ ಜಾಗ, ಕಿಟಕಿಯ ಪಕ್ಕದ್ದು. ಅಲ್ಲಿ ಕಾಜಕ್ಕನ ಮಣೆ ಇತ್ತು.

"ಬರುತ್ತೆ," ಎಂದಳು ಕಾಜಕ್ಕ.

ಕೈ ಬರಿಸುವುದಕ್ಕೆ ವಾರಕ್ಕೆರಡು ಸಲ ಆಸ್ಪತ್ರೆಯ ವ್ಯಾಯಾಮದ ಕೋಣೆಗೆ ಹೋಗಬೇಕಿತ್ತು. ಅಲ್ಲಿನ ಡಾಕ್ಟ್ರಮ್ಮ ಇನ್ನೂ ಚಿಕ್ಕ ವಯಸ್ಸಿನವಳು, ಮಾತು ಮೆದು, ಹಿಡಿತ ಗಟ್ಟಿ. ಅವಳು ಒಂದು ಡಬ್ಬಿ ಹಸಿರು ಜೇಡಿಮಣ್ಣನ್ನೂ ಬಟ್ಟೆಗೆ ಹಾಕುವ ನಾಲ್ಕು ಕ್ಲಿಪ್ಪುಗಳನ್ನೂ ಕೊಟ್ಟಿದ್ದಳು. ದಿನಕ್ಕೆ ಮೂರು ಹೊತ್ತು ಜೇಡಿ ಹಿಸುಕಬೇಕು, ಕ್ಲಿಪ್ಪು ಒತ್ತಿ ಬಿಡಬೇಕು. ಕಾಜಕ್ಕ ಎರಡು ದಿನ ಮಾಡಿದಳು. ಅರವತ್ತು ಗಂಟು ಹಾಕಿದರೆ ಒಂದು ಕಾಜವಾಗುತ್ತದೆ. ಅರವತ್ತು ಸಲ ಹಿಸುಕಿದರೂ ಜೇಡಿ ಜೇಡಿಯೇ. ಮೂರನೆಯ ದಿನ ಡಬ್ಬಿ ಕಪಾಟಿಗೆ ಹೋಯಿತು. ಡಾಕ್ಟ್ರಮ್ಮ ಕೇಳಿದಾಗೆಲ್ಲ "ಮಾಡ್ತಿದ್ದೀನಿ" ಎಂದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳಾದ್ದರಿಂದ ಹೇಳುವಾಗ ಗೋಡೆಯ ಮೇಲಿನ ಮೂಳೆಗಳ ಚಿತ್ರ ನೋಡುತ್ತಿದ್ದಳು.

ಸೂಜಿಯನ್ನಂತೂ ಅವಳು ಮುಟ್ಟಲೇ ಇಲ್ಲ. ಮುಟ್ಟದಿರುವ ತನಕ, ಹಿಡಿಯಲಾರೆ ಎಂಬುದು ಗೊತ್ತಾಗುವುದಿಲ್ಲವಲ್ಲ.

ಹೀಗಿರುವಾಗ ತಮ್ಮನ ಮಗಳು ಒಂದು ಸಂಜೆ ಕಪ್ಪು ಡಬ್ಬವೊಂದನ್ನು ಹೊತ್ತು ತಂದಳು. ಹಳೆಯ ಟಿ.ವಿ., ವಿಡಿಯೋ ಗೇಮ್ ಇವುಗಳನ್ನು ರಿಪೇರಿ ಮಾಡುವ ಅಂಗಡಿಯಲ್ಲಿ ಅವಳಿಗೆ ಕೆಲಸ.

"ಅತ್ತೆ, ಮನೇಲಿ ಸುಮ್ನೆ ಕೂತಿದ್ದೀಯಲ್ಲ, ಇದನ್ನ ಸ್ವಲ್ಪ ಆಡಿ ಮುಗಿಸು."

"ಆಟ ಆಡೋ ವಯಸ್ಸೇನೇ ನಂದು?"

"ಆಟ ಅಲ್ಲ, ಟೆಸ್ಟಿಂಗು. ರಿಪೇರಿ ಆದ ಡಬ್ಬ ಎಷ್ಟು ಹೊತ್ತು ಓಡಿದ್ರೂ ಬಿಸಿ ಆಗ್ಬಾರ್ದು. ನೀನು ಆಡಿ ಮುಗಿಸಿ ಹೇಗಿತ್ತು ಅಂತ ಹೇಳು, ನಾನು ಚೀಟೀಲಿ ಬರ್ಕೊಳ್ತೀನಿ. ನಂಗೆ ಅಷ್ಟು ಹೊತ್ತು ಎಲ್ಲಿದೆ?"

ಕೆಲಸ ಎಂದ ಮೇಲೆ ಕಾಜಕ್ಕ ಸೆರಗು ಸಿಕ್ಕಿಸಿಕೊಂಡು ಕೂತಳು.

ಡಬ್ಬದಲ್ಲಿದ್ದ ಮೂರು ಆಟಗಳಲ್ಲಿ ಮೊದಲನೆಯದು ಕೆಂಪು ಶಾಲು ಹೊದ್ದ ಮೊಲದ್ದು. ಮೊಲ ತನ್ನಷ್ಟಕ್ಕೆ ಓಡುತ್ತಲೇ ಇರುತ್ತದೆ; ದಾರಿಯಲ್ಲಿ ಹೊಂಡ ಬಂದಾಗ ರಿಮೋಟಿನ ಮೇಲೆ ಹೆಬ್ಬೆರಳು ಒತ್ತಿದರೆ ಹಾರುತ್ತದೆ. ತಮ್ಮನ ಮಗಳು ಬೆನ್ನ ಹಿಂದೆ ನಿಂತು, "ಗುಂಡಿ ಅತ್ತೆ, ಗುಂಡಿ" ಎಂದಳು. ಕಾಜಕ್ಕ ತಕ್ಷಣ ಗುಂಡಿ ಒತ್ತಿದಳು. ಹೊಂಡ ಇನ್ನೂ ದೂರವಿತ್ತು. ಮೊಲ ಬಯಲಲ್ಲೇ ಹಾರಿ, ಇಳಿದು, ನಾಲ್ಕು ಹೆಜ್ಜೆ ಓಡಿ, ನೆಟ್ಟಗೆ ಒಳಗೆ ಬಿತ್ತು.

"ಗುಂಡಿ ಅಂದ್ಯಲ್ಲ, ಒತ್ತಿದೆ."

"ಗುಂಡಿ ಬಂತು ಅಂದೆ. ಒತ್ತು ಅನ್ಲಿಲ್ಲ."

"ಮತ್ತೆ ಯಾವಾಗ ಒತ್ಲಿ?"

"ಗುಂಡಿ ಬಂದಾಗ ಗುಂಡಿ ಒತ್ತು."

"ಇದ್ಯಾವ ಮಾತೇ? ಹುಟ್ಟಿದಾಗಿಂದ ಗುಂಡಿಗಳ ಮಧ್ಯೆ ಇದ್ದೀನಿ, ಗುಂಡಿಗೆ ಗುಂಡಿ ಒತ್ತೋದು ಕೇಳಿಲ್ಲ ನಾನು."

ಕೊನೆಗೆ ನೆಲದಲ್ಲಿರುವುದು ಹೊಂಡ, ಕೈಯಲ್ಲಿರುವುದು ಗುಂಡಿ ಎಂದು ಒಪ್ಪಂದವಾಯಿತು. ಆದರೆ ಒಪ್ಪಂದಕ್ಕೆ ನಾಲಿಗೆ ಸಹಿ ಹಾಕಿರಲಿಲ್ಲ. ಇಬ್ಬರ ಬಾಯಲ್ಲೂ ಎರಡೂ ಗುಂಡಿಯಾಗಿಯೇ ಉಳಿದವು, ಮೊಲ ಬೀಳುತ್ತಲೇ ಇತ್ತು. ಎಷ್ಟು ಸಲ ಬಿತ್ತೆಂದು ಆಟವೇ ಲೆಕ್ಕವಿಟ್ಟು ಮೂಲೆಯಲ್ಲಿ ತೋರಿಸುತ್ತಿತ್ತು. ಅಂಥ ಮರ್ಯಾದೆಗೇಡು ಜೇಡಿಯ ಡಬ್ಬಿಯಲ್ಲಿ ಇರಲಿಲ್ಲ. ಆದ್ದರಿಂದಲೇ ಕಾಜಕ್ಕ ಹಟ ಹಿಡಿದಳು. ಹೆಬ್ಬೆರಳು ನೋಯುತ್ತಿತ್ತು, ಆದರೆ ಮೊಲ ಗಾಳಿಯಲ್ಲಿರುವಾಗ ನೋವಿನ ಕಡೆ ನೋಡಲು ಯಾರಿಗೆ ಪುರುಸೊತ್ತು.

ಹತ್ತನೆಯ ದಿನಕ್ಕೆ ಮೊಲ ಗುರಿ ಮುಟ್ಟಿತು. ತಮ್ಮನ ಮಗಳು ಚೀಟಿ ಹಿಡಿದು ಕೂತಳು.

"ಹೇಗಿತ್ತು?"

"ಮೊಲ ಒಳ್ಳೇದು. ಪಾಪ, ಬಿದ್ದರೂ ಮುಖ ಸಿಂಡರಿಸಲ್ಲ. ಆದ್ರೆ ಅಷ್ಟು ದೂರ ಯಾಕೆ ಓಡ್ತು ಅಂತ ಕೊನೇವರೆಗೂ ಗೊತ್ತಾಗ್ಲಿಲ್ಲ. ಒಂದು ಬಾವಿ ಹತ್ರ ಹೋಗಿ ನಿಂತುಬಿಡ್ತು. ನೀರಾದ್ರೂ ಕುಡೀಬಾರ್ದಾ? ಆ ಶಾಲಿಗೆ ಅಂಚು ಮಡಚಿಲ್ಲ ನೋಡು, ಇನ್ನೆರಡು ಓಟಕ್ಕೆ ಎಳೆ ಬಿಡುತ್ತೆ."

ತಮ್ಮನ ಮಗಳು ಚೀಟಿಯಲ್ಲಿ 'ಡಬ್ಬ ಬಿಸಿಯಾಗಿಲ್ಲ' ಎಂದು ಬರೆದುಕೊಂಡಳು.

ಎರಡನೆಯದು ಯುದ್ಧದ ಆಟ. ಕೋಟೆಯೊಳಗೆ ನುಗ್ಗಿ ಸೇನಾಪತಿಯನ್ನು ಮುಗಿಸಬೇಕು. ಕಾಜಕ್ಕ ಯಾರನ್ನೂ ಮುಗಿಸಲಿಲ್ಲ. ಪೀಪಾಯಿಗಳ ಹಿಂದೆ ಅಡಗಿ, ಕಾವಲುಗಾರರು ಆ ಕಡೆ ತಿರುಗಿದಾಗ ಈ ಕಡೆ ಜಾರಿ, ಬೆಕ್ಕಿನ ಹಾಗೆ ಕೋಟೆಯನ್ನೆಲ್ಲ ದಾಟಿದಳು. ಅದಕ್ಕೆ ಒಂದು ಗುಂಡಿಯನ್ನು ಅರ್ಧ ಮಾತ್ರ ಒತ್ತಿ ಹಿಡಿದಿರಬೇಕು; ಪೂರ್ತಿ ಒತ್ತಿದರೆ ಹೆಜ್ಜೆ ಸದ್ದಾಗುತ್ತದೆ. ಆ ಅರ್ಧವನ್ನು ಹಿಡಿಯುವುದಕ್ಕೆ ಹೆಬ್ಬೆರಳಿಗೆ ಒಂದು ವಾರ ಹಿಡಿಯಿತು. ನಡುವೆ ಬೇಸರವಾದರೆ, ಕಡಿಮೆ ಸಲ ಬಿದ್ದು ನೋಡೋಣವೆಂದು ಮತ್ತೆ ಮೊಲವನ್ನು ಓಡಿಸುತ್ತಿದ್ದಳು.

ವ್ಯಾಯಾಮದ ಕೋಣೆಯಲ್ಲಿ ಮೊದಲು ಕೈಯನ್ನು ಬಿಸಿ ಮೇಣದಲ್ಲಿ ಅದ್ದಿ, ಟವೆಲಿನಲ್ಲಿ ಸುತ್ತಿ, ಇಪ್ಪತ್ತು ನಿಮಿಷ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಕೈ ಕಟ್ಟಿದ ಮೇಲೆ ಉಳಿಯುವುದು ಬಾಯಿ ಒಂದೇ. ಪಕ್ಕದಲ್ಲಿ ಮೊಣಕೈ ಮುರಿದುಕೊಂಡ ನಿವೃತ್ತ ಬಸ್ ಡ್ರೈವರ್ ಇರುತ್ತಿದ್ದರು. ಅವರಿಗೆ ಕಾಜಕ್ಕ ಆಟಗಳ ಕಥೆ ಹೇಳತೊಡಗಿದ್ದಳು.

"ಕೊನೇಗೆ ಆ ಸೇನಾಪತಿ ಎದುರಿಗೇ ನಿಂತೆ ಅಂತಿಟ್ಕೊಳ್ಳಿ. ದೊಡ್ಡ ಮೀಸೆ, ಮೈಮೇಲೆಲ್ಲ ಪದಕ. ನೋಡ್ತೀನಿ, ಕೋಟಿನ ಗುಂಡಿ ಎಡಗಡೆ."

"ಎಡಗಡೆ ಇದ್ರೆ?"

"ಹೆಂಗಸ್ರ ಕೋಟಿಗಲ್ವಾ ಎಡಗಡೆ ಗುಂಡಿ? ಹೆಂಡತಿ ಕೋಟು ಹಾಕ್ಕೊಂಡು ಯುದ್ಧಕ್ಕೆ ಬಂದಿದ್ದಾನೆ. ಭಯ ಎಲ್ಲಿಂದ ಬರ್ಬೇಕು ನಂಗೆ?"

ಡ್ರೈವರು ನಕ್ಕು ಮೊಣಕೈ ನೋವೆಂದು ಹಲ್ಲು ಕಚ್ಚಿದರು. "ಆ ಮೊಲ ಈಗ ಹೇಗಿದೆ?"

"ಅದನ್ನ ಮಾತ್ರ ಕೇಳ್ಬೇಡಿ. ನಿನ್ನೆ ಒಂದೇ ದಿನ ಮೂವತ್ತೇಳು ಸಲ ಗುಂಡಿಗೆ ಬಿದ್ದೆ."

ಪರದೆಯ ಆಚೆ ಏನೋ ಬಿದ್ದ ಸದ್ದಾಯಿತು. ಡಾಕ್ಟ್ರಮ್ಮ ಪರದೆ ಸರಿಸಿ ಬಂದು ನಿಂತಳು. ಮುಖ ಬಿಳಿಚಿಕೊಂಡಿತ್ತು.

"ಎಲ್ಲಿ ಬಿದ್ರಿ?"

"ಇಲ್ಲ, ಅದು..."

"ಮೂವತ್ತೇಳು ಸಲ ಬೀಳೋ ತನಕ ಯಾರೂ ನೋಡ್ಲಿಲ್ವಾ? ತಲೆ ಸುತ್ತುತ್ತಾ? ಯಾವ ಕೈ ಊರಿದ್ರಿ?"

"ಕೈ ಊರಿಲ್ಲಮ್ಮ. ಮೊಲ ಬಿದ್ದಿದ್ದು."

ಡಾಕ್ಟ್ರಮ್ಮ ಡ್ರೈವರ ಕಡೆ ನೋಡಿದಳು. ಈಯಮ್ಮನ ಕೈಗಷ್ಟೇ ಪೆಟ್ಟಾಗಿದ್ದೋ, ತಲೆಗೂ ಆಗಿತ್ತೋ ಎಂಬ ನೋಟ ಅದು. ಡ್ರೈವರು ನಗು ತಡೆಯಲಾರದೆ ಟವೆಲಿನಿಂದ ಬಾಯಿ ಮುಚ್ಚಿಕೊಂಡರು.

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಕಾಜಕ್ಕ ಮೊಲದಿಂದ ಶುರುಮಾಡಿ ಸೇನಾಪತಿಯವರೆಗೆ ಎಲ್ಲ ಹೇಳಿದಳು. ಜೇಡಿಯ ಡಬ್ಬಿ ಕಪಾಟಿನಲ್ಲಿ ಒಣಗಿ ಕಲ್ಲಾಗಿರುವುದನ್ನೂ ಹೇಳಿದಳು. ಈ ಸಲ ಮೂಳೆಗಳ ಚಿತ್ರ ನೋಡಲಿಲ್ಲ. ಬೈದರೆ ಬೈಯಲಿ, ಇನ್ನು ಬರಬೇಡಿ ಎಂದರೆ ಏನು ಗತಿ ಎಂಬುದಷ್ಟೇ ಅವಳ ಚಿಂತೆ. ತಿಂಗಳ ಕೊನೆಗೆ ಹನ್ನೊಂದು ದಿನ ಉಳಿದಿತ್ತು.

ಡಾಕ್ಟ್ರಮ್ಮ ಬೈಯಲಿಲ್ಲ. ಸ್ಟೂಲು ಎಳೆದುಕೊಂಡು ಕೂತು ಮೇಣ ಸುಲಿದು, "ಹೇಗೆ ಒತ್ತುತ್ತೀರಿ, ತೋರಿಸಿ" ಎಂದಳು. ಕಾಜಕ್ಕ ಗಾಳಿಯಲ್ಲೇ ರಿಮೋಟು ಹಿಡಿದು ತೋರಿಸಿದಳು.

"ಈಗ ಹೆಬ್ಬೆರಳಲ್ಲಿ ಒಂದೊಂದೇ ಬೆರಳು ಮುಟ್ಟಿ."

ತೋರುಬೆರಳಿನ ತುದಿ ಮುಟ್ಟಿತು. ನಡುಬೆರಳು ಮುಟ್ಟಿತು. ಉಂಗುರದ ಬೆರಳಿಗೆ ಹೋಗುವಾಗ ನಡುವೆ ಒಂದು ಅಕ್ಕಿಕಾಳಿನಷ್ಟು ಸಂದು ಉಳಿಯಿತು. ಕಾಜಕ್ಕ ಉಸಿರು ಬಿಗಿಹಿಡಿದು ಒತ್ತಿದಳು. ಸಂದು ಮುಚ್ಚಿತು.

"ಹೋದ ಸಲ ನಡುಬೆರಳಿಗೇ ಬಂದಿರ್ಲಿಲ್ಲ," ಎಂದು ಡಾಕ್ಟ್ರಮ್ಮ ಕಾಗದದಲ್ಲಿ ಬರೆದುಕೊಂಡಳು. "ಜೇಡಿಗೆ ನೀವು ಐದು ನಿಮಿಷಾನೂ ಕೊಡ್ತಿರ್ಲಿಲ್ಲ. ಮೊಲಕ್ಕೆ ದಿನಾ ಎರಡು ಗಂಟೆ ಕೊಟ್ಟಿದ್ದೀರಿ. ನಂಗೆ ಸುಳ್ಳು ಹೇಳಿದ್ದು ತಪ್ಪು. ಮೊಲ ತಪ್ಪಲ್ಲ."

ಹೋದ ಜೀವ ಬಂದಂತಾಯಿತು ಕಾಜಕ್ಕನಿಗೆ. ಆದರೆ ಡಾಕ್ಟ್ರಮ್ಮನ ಮಾತು ಮುಗಿದಿರಲಿಲ್ಲ.

"ಸೂಜಿ ಹಿಡಿದು ನೋಡಿದ್ರಾ?"

ಕಾಜಕ್ಕ ಟವೆಲ್ ಮಡಚಿದಳು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದಳು. "ಇನ್ನೊಂದು ಆಟ ಇದೆ," ಎಂದಳು. "ಅದೊಂದು ಮುಗೀಲಿ."

ಆ ಮೂರನೆಯ ಆಟ ಬೇಕೆಂದೇ ನಿಧಾನವಾಗಿತ್ತೋ, ಅವಳೇ ನಿಧಾನ ಮಾಡಿದಳೋ, ಹೇಳುವುದು ಕಷ್ಟ. ಜನ ಬಿಟ್ಟುಹೋದ ಊರೊಂದರಲ್ಲಿ ಒಬ್ಬ ಹೆಂಗಸು ಬೀದಿಬೀದಿಗೆ ದೀಪ ಹಚ್ಚುತ್ತ ಹೋಗುತ್ತಾಳೆ, ಅಷ್ಟೇ ಅದು. ಕಾಜಕ್ಕ ಹಚ್ಚಿದ ದೀಪದ ಕೆಳಗೆ ನಿಂತು ಸುತ್ತ ನೋಡುತ್ತಿದ್ದಳು. ಅಗತ್ಯವಿಲ್ಲದ ಓಣಿಗಳಿಗೂ ಹೋಗಿಬರುತ್ತಿದ್ದಳು. ತಮ್ಮನ ಮಗಳು, "ಅತ್ತೆ, ಡಬ್ಬ ವಾಪಸ್ ಕೊಡ್ಬೇಕು" ಎಂದು ಎರಡು ಸಲ ಹೇಳಿದಳು. ಆದರೂ ಊರೆಂದ ಮೇಲೆ ಅದಕ್ಕೊಂದು ಕೊನೆಯ ಬೀದಿ ಇದ್ದೇ ಇರುತ್ತದೆ. ತಿಂಗಳು ಮುಗಿಯಲು ಒಂದು ದಿನವಿರುವಾಗ ಅಲ್ಲಿಯ ದೀಪವೂ ಹತ್ತಿತು. ಆಟ ಮಾಡಿದವರ ಹೆಸರುಗಳು ಪರದೆಯ ಮೇಲೆ ಏರತೊಡಗಿದವು. ಕಾಜಕ್ಕ ಕೊನೆಯ ಹೆಸರಿನವರೆಗೂ ಕೂತು ಓದಿದಳು. ಯಾರ ಯಾರ ಕೈಯ ಕೆಲಸವೋ, ಓದಬೇಕಾದ್ದು ಧರ್ಮ ಎನಿಸಿತು.

ಮರುದಿನ ಬೆಳಿಗ್ಗೆ ಹದಿಮೂರು ಮೆಟ್ಟಿಲನ್ನೂ ಎಣಿಸಿಕೊಂಡು ಹತ್ತಿದಳು.

ಅಂಗಡಿಯಲ್ಲಿ ಬ್ಯಾಂಡಿನವರ ನೀಲಿ ಕೋಟುಗಳು ಹ್ಯಾಂಗರಿಗೆ ತೂಗುಬಿದ್ದಿದ್ದವು, ಒಂದಕ್ಕೂ ಕಾಜವಿಲ್ಲದೆ, ಕಣ್ಣು ತೆರೆಯದ ಮರಿಗಳಂತೆ. ಮಾಸ್ಟ್ರು ಅದೇ ನೀಲಿ ಬಟ್ಟೆಯ ಒಂದು ತುಂಡಿಗೆ ಸೀಳು ಹಾಕಿ, ಮಣೆಯ ಮೇಲೆ ಕೂತ ಅವಳ ಮಡಿಲಿಗಿಟ್ಟರು. ಆಮೇಲೆ ಬೇರೆ ಕೆಲಸವಿದ್ದವರಂತೆ ಟೇಪು ಸುತ್ತುತ್ತ ಅಲ್ಲೇ ನಿಂತರು.

ದಾರ ಪೋಣಿಸುವುದು ಎಡಗೈಯಿಂದಲೇ ಆಯಿತು. ಮೊದಲ ಗಂಟಿಗೆ ಸೂಜಿ ಹಿಡಿದಳು, ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ಮೂರನೆಯ ಸಲ ಸೂಜಿ ಮಡಿಲಿಗೇ ಬಿತ್ತು; ಹೆಕ್ಕಿಕೊಂಡು ಮತ್ತೆ ಹಿಡಿದಳು. ಮಾಸ್ಟ್ರು ಟೇಪು ಸುತ್ತುವುದನ್ನು ನಿಲ್ಲಿಸಿದರು. ಅಂಗಡಿಯಲ್ಲಿ ಇಸ್ತ್ರಿಯ ಆವಿಯ ಸದ್ದೊಂದೇ ಉಳಿಯಿತು.

ಇಸ್ತ್ರಿ ಹಿಡಿದಿದ್ದವನು ಕಾಜಕ್ಕನಷ್ಟೇ ಹಳಬ. ಮೌನವೆಂದರೆ ಅವನಿಗಾಗದು. "ಅಲ್ಲ ಅಕ್ಕ, ಇಷ್ಟು ದಿನ ಮನೇಲಿ ಕೂತು ಏನ್ ಮಾಡಿದ್ರಿ?" ಎಂದ.

"ದೀಪ ಹಚ್ಚಿದೆ."

"ಯಾವ ದೀಪ?"

"ಬೀದಿ ದೀಪ. ಒಂದು ಊರು. ಊರಲ್ಲಿ ಯಾರೂ ಇಲ್ಲ."

"ಯಾರೂ ಇಲ್ಲ ಅಂದ್ಮೇಲೆ ಯಾರಿಗೆ ದೀಪ?"

"ನಾನೂ ಅದನ್ನೇ ಕೇಳ್ದೆ. ಮೊದಲ್ನೇ ಬೀದೀಲಿ ನಂಗೂ ಸಿಟ್ಟು ಬಂತು, ಇವಳಿಗೇನು ಹುಚ್ಚಾ ಅಂತ. ಮೈಮೇಲೆ ನೋಡಿದ್ರೆ ಗಂಡಸ್ರ ಕೋಟು, ಮಂಡಿವರೆಗೆ ಬರುತ್ತೆ. ಆದ್ರೆ ಹೊಲಿಗೆ ನಿಜವಾದ ಹೊಲಿಗೆ ಕಣಪ್ಪ. ಅದನ್ನ ಬರೆದವರ ಮನೇಲಿ ಯಾರೋ ಟೈಲರ್ ಇದ್ದಿರ್ಬೇಕು. ಜೇಬು ಹೇಗೆ ಕೂತಿತ್ತು ಅಂತೀಯಾ."

"ಒಳಜೇಬೂ ಇತ್ತಾ?" ಎಂದರು ಮಾಸ್ಟ್ರು.

"ಇತ್ತು. ಅದ್ರಲ್ಲೇ ಬೆಂಕಿಪೊಟ್ಟಣ ಇಡ್ತಿದ್ಲು. ಒಂದು ದೀಪ ಹಚ್ಚಿದ್ರೆ ಆ ಬೀದೀದು ಒಂದು ಸದ್ದು ವಾಪಸ್ ಬರುತ್ತೆ. ಒಂದ್ ಕಡೆ ಪಾತ್ರೆ ತೊಳೆಯೋ ಸದ್ದು, ಇನ್ನೊಂದ್ ಕಡೆ ಮಗು ಕೆಮ್ಮೋದು. ಜನ ಕಾಣಲ್ಲ, ಸದ್ದಷ್ಟೇ. ಹೊಳೆ ಆಚೆ ಇನ್ನೊಂದು ಕೇರಿ ಇದೆ. ಅಲ್ಲಿಗೆ ದೋಣೀಲಿ ಹೋಗ್ಬೇಕು. ದೋಣಿ ಸೋರ್ತಿದೆ, ಕೈಯಲ್ಲಿ ಉಳಿದಿರೋದು ಒಂದೇ ಕಡ್ಡಿ..."

ಅವಳು ಹೇಳುತ್ತ ಹೋದಳು. ಇಸ್ತ್ರಿಯವನು ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಕೇಳಿದ. ಆ ನೀರು, ಆ ಕತ್ತಲು, ಕಡ್ಡಿ ನೆನೆಯದಂತೆ ಆ ಹೆಂಗಸು ಅದನ್ನು ಕೂದಲೊಳಗೆ ಸಿಕ್ಕಿಸಿಕೊಂಡದ್ದು, ಎಲ್ಲವೂ ಕಾಜಕ್ಕನ ಕಣ್ಣಿಗೆ ಕಟ್ಟಿತ್ತು. ತುಂಡಿನ ಕಡೆ ಅವಳ ಗಮನವೇ ಇರಲಿಲ್ಲ. ದೋಣಿ ದಡ ಮುಟ್ಟಿ, ಹೆಂಗಸು ಒದ್ದೆ ಕೋಟು ಹಿಂಡಿಕೊಂಡು, ಕೊನೆಯ ದೀಪ ಹಚ್ಚಿ, ಅದರ ಕಟ್ಟೆಯ ಮೇಲೆ ಕೂತಳು.

"ಆಗ ಯಾವ ಸದ್ದು ಬಂತು?" ಎಂದ ಇಸ್ತ್ರಿಯವನು.

"ಅವಳ ಹೆಸರು. ಯಾರೋ ಅವಳನ್ನ ಹೆಸರು ಹಿಡಿದು ಕೂಗಿದ್ರು. ಅಲ್ಲೀವರೆಗೂ ಅವಳಿಗೆ ಹೆಸರೇ ಇರ್ಲಿಲ್ಲ ನೋಡು." ಎಂದು ಹೇಳಿ ಕಾಜಕ್ಕ ದಾರ ಕಡಿಯಲು ಬಗ್ಗಿದಳು.

ದಾರ ಕಡಿಯುವುದು ಕಾಜ ಮುಗಿದ ಮೇಲೆ. ಬಗ್ಗಿದವಳು ಅಲ್ಲೇ ತಡೆದಳು. ಮಡಿಲಲ್ಲಿ ಸೀಳಿನ ಸುತ್ತ ಗಂಟುಗಳು ಕೂತಿದ್ದವು, ಒಂದರ ಮಗ್ಗುಲಿಗೆ ಒಂದು. ಹೆಬ್ಬೆರಳು ಸೂಜಿಯನ್ನು ಇನ್ನೂ ಹಿಡಿದೇ ಇತ್ತು.

ಮಾಸ್ಟ್ರು ತುಂಡನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಕನ್ನಡಕ ಹಣೆಗೆ ಏರಿಸಿ ಕಣ್ಣಿನ ಹತ್ತಿರಕ್ಕೆ ತಂದರು. ಉಗುರಿನಿಂದ ಒಂದು ಸುತ್ತು ಸವರಿದರು.

"ಇಲ್ಲಿ ನಾಲ್ಕೈದು ಗಂಟು ಏರುಪೇರಾಗಿದೆ."

ಕಾಜಕ್ಕ ಬಗ್ಗಿ ನೋಡಿದಳು. "ಅಲ್ಲಿ ದೋಣಿ ಮುಳುಗ್ತಿತ್ತು," ಎಂದಳು.

ಇಸ್ತ್ರಿಯವನು ಕೇಕೆ ಹಾಕಿ ನಕ್ಕ. ಮಾಸ್ಟ್ರ ಮೀಸೆಯೂ ಅಲುಗಿತು. ತುಂಡನ್ನು ಜೇಬಿಗೆ ಹಾಕಿಕೊಂಡು, ಹ್ಯಾಂಗರಿನಿಂದ ಮೊದಲ ನೀಲಿ ಕೋಟು ಇಳಿಸಿ ಅವಳ ಮಡಿಲಿಗೆ ಹಾಕಿದರು. "ಕೋಟಿಗೆ ಕೂತಾಗ ದೋಣಿ ಇಲ್ಲದ ಕಥೆ ಹೇಳು. ದಿನಕ್ಕೆ ಎರಡು ಕೋಟು ಸಾಕು, ನೋವು ಬಂದ್ರೆ ಎದ್ದು ಓಡಾಡು." ಹಾಗೆಂದು ಫೋನು ಹಿಡಿದು ಬಾಗಿಲಿಗೆ ಹೋದರು. ಯಂತ್ರದವನೊಂದಿಗೆ ಮಾತಾಡುತ್ತಿದ್ದಾರೆಂದು ಅವರ ದನಿಯಲ್ಲೇ ಗೊತ್ತಾಗುತ್ತಿತ್ತು. "ಬೇಡ ಸ್ವಾಮಿ, ಜಾಗ ಇಲ್ಲ. ಹೌದು, ಜಾಗಾನೇ ಇಲ್ಲ."

ಕಾಜಕ್ಕ ಸೂಜಿಯನ್ನು ಕೆಳಗಿಟ್ಟು, ಬಲಗೈಯನ್ನು ಎಡಗೈಯಲ್ಲಿ ಹಿಡಿದು ಮೆಲ್ಲಗೆ ತೀಡಿದಳು. ಹೆಬ್ಬೆರಳು ನೋಯುತ್ತಿತ್ತು, ದಿನವಿಡೀ ದುಡಿದು ಬಂದವರ ಕಾಲು ನೋಯುವ ಹಾಗೆ. ಆ ನೋವಿನಲ್ಲಿ ಹೆದರಿಕೆ ಇರಲಿಲ್ಲ. ಆಮೇಲೆ ಕೋಟಿನ ಎದೆಭಾಗವನ್ನು ಬೆಳಕಿಗೆ ತಿರುಗಿಸಿಕೊಂಡು, ಗುಂಡಿ ಯಾವ ಕಡೆ ಬರಬೇಕೆಂದು ಒಮ್ಮೆ ನೋಡಿಕೊಂಡು, ಕತ್ತರಿಗೆ ಕೈ ಚಾಚಿದಳು.